ಗಂಟಲಿಲ್ಲದ ಗೃಹಪ್ರವೇಶ

ಮದುವೆಗೆ ಮುಂಚೆ ಜಾತಕ ನೋಡುವವರು ಎಲ್ಲವನ್ನೂ ನೋಡುತ್ತಾರೆ. ಗಣ ಕೂಡುತ್ತದೆಯೇ, ನಾಡಿ ದೋಷವಿದೆಯೇ, ಕುಜ ಎಲ್ಲಿ ಕೂತಿದ್ದಾನೆ ಎಂದೆಲ್ಲ ವಿಚಾರಿಸಿ, ಸಾಲದೆಂಬಂತೆ ಹುಡುಗನಿಗೆ ಸಿಗರೇಟಿನ ಅಭ್ಯಾಸವಿದೆಯೇ ಎಂದು ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಹುಡುಗ ಯಾವ ಫುಟ್‌ಬಾಲ್ ಕ್ಲಬ್ಬಿನ ಭಕ್ತ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲೂ ಕೇಳಲಿಲ್ಲ. ಮೈಸೂರಿನ ಹುಡುಗ, ಸಾಫ್ಟ್‌ವೇರು, ಸಾಧು ಸ್ವಭಾವ ಎಂದು ಸಂಬಂಧ ಕುದುರಿತು. ಸಾಧು ಎಂಬುದೇನೋ ನಿಜವೇ. ನಮ್ಮವರು, ಅಂದರೆ ಶ್ರೀಕಾಂತ, ಎಷ್ಟು ಸಾಧು ಎಂದರೆ ಮನೆಯಲ್ಲಿದ್ದಾರೋ ಇಲ್ಲವೋ ಎಂಬುದನ್ನು ನಾನು ಬಾಗಿಲ ಬಳಿಯ ಚಪ್ಪಲಿ ನೋಡಿ ತಿಳಿದುಕೊಳ್ಳಬೇಕು. ಆದರೆ ಪಂದ್ಯವಿರುವ ಹೊತ್ತಿನಲ್ಲಿ ಅವರು ನನಗೆ ಸೇರಿದವರಲ್ಲ, ಇಂಗ್ಲೆಂಡಿನ ಒಂದು ಕ್ಲಬ್ಬಿಗೆ ಸೇರಿದವರು. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ನನ್ನನ್ನು ಒಡಹುಟ್ಟಿದವಳೆಂದು ತಿಳಿಯುತ್ತಾರೆ, ಉಳಿದರ್ಧ ಜನ ಮುಂದೆ ಓದುವುದಿಲ್ಲ.

ಆ ಕ್ಲಬ್ಬಿನ ಊರನ್ನು ನಮ್ಮವರು ನೋಡಿಲ್ಲ. ಅಲ್ಲಿಯ ಆಟಗಾರರಲ್ಲಿ ಒಬ್ಬನಿಗೂ ತನ್ನ ಮೊಣಕಾಲಿನ ಕ್ಷೇಮಕ್ಕಾಗಿ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಶ್ರೀಕಾಂತ ಎಂಬೊಬ್ಬ ಮನುಷ್ಯ ತುಪ್ಪದ ದೀಪ ಹಚ್ಚಿದ್ದು ಗೊತ್ತಿಲ್ಲ. ಆದರೂ ಮಾತೆಲ್ಲ "ನಾವು". ನಾವು ಚೆನ್ನಾಗಿ ಆಡಿದ್ವಿ, ನಾವು ಹೊಸ ಡಿಫೆಂಡರ್ ತಗೋಬೇಕು. ಎದುರಿಗೆ ಎಲ್‌ಆರ್‌ಟಿ ರೈಲು ಬಾಗಿಲು ತೆರೆದು ನಿಂತಿದ್ದರೂ ಓಡದೆ, "ಇನ್ನೊಂದು ಬರುತ್ತೆ ಬಿಡು" ಎನ್ನುವ ಮನುಷ್ಯ, ಯಾರೋ ಮಧ್ಯಮೈದಾನದಿಂದ ಓಡಿ ಬರಲಿಲ್ಲ ಎಂದು ಎರಡು ದಿನ ಅನ್ನ ಸರಿಯಾಗಿ ಉಣ್ಣುವುದಿಲ್ಲ.

ಇರಲಿ. ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಬದುಕಿದ ನಮಗೆ, ಕೊನೆಗೂ ಪೆಟಾಲಿಂಗ್ ಜಯಾದಲ್ಲೇ ಹನ್ನೆರಡನೆಯ ಮಹಡಿಯಲ್ಲಿ ಒಂದು ಸ್ವಂತ ಫ್ಲ್ಯಾಟ್ ಆಯಿತು. ಮೈಸೂರಿನಲ್ಲಿರುವ ಅತ್ತೆ ಪಂಚಾಂಗ ನೋಡಿಸಿ ಗುರುವಾರ ಬೆಳಿಗ್ಗೆ ಮುಹೂರ್ತ ಇಡಿಸಿದರು. ಏಳೂವರೆಯೊಳಗೆ ಹಾಲು ಉಕ್ಕಲೇಬೇಕು, ತಪ್ಪಿದರೆ ಮತ್ತೆ ಎರಡು ತಿಂಗಳು ದಿನವಿಲ್ಲ. ಮಂಡಿಯ ಆಪರೇಷನ್ ಆಗಿದ್ದರಿಂದ ಅವರು ಬರುವಂತಿರಲಿಲ್ಲ, ವಿಡಿಯೋ ಕಾಲ್‌ನಲ್ಲಿ ನೋಡುವುದೆಂದು ತೀರ್ಮಾನವಾಯಿತು. ಹತ್ತಿರದ ದೇವಸ್ಥಾನದ ಅರ್ಚಕರು, ಇಲ್ಲಿಯವರ ಬಾಯಲ್ಲಿ ಗುರುಕ್ಕಳ್, ಪೂಜೆಗೆ ಒಪ್ಪಿಕೊಂಡರು. ಅವರು ಇಲ್ಲೇ ಹುಟ್ಟಿ ಬೆಳೆದ ತಮಿಳರು, ಇನ್ನೂ ಚಿಕ್ಕ ವಯಸ್ಸು, ಕಂಚಿನಂಥ ಕಂಠ. ದಿನ ಗೊತ್ತಾದಾಗ ನಮ್ಮವರ ಮುಖ ಒಂದು ಕ್ಷಣ ಬಾಡಿದ್ದನ್ನು ನಾನು ಗಮನಿಸಿದ್ದೆ. ಹೊಸ ಮನೆಯ ಜವಾಬ್ದಾರಿ ನೆನೆದು ಹೆದರಿರಬೇಕು ಎಂದುಕೊಂಡು ಬೆನ್ನು ಸವರಿ ಧೈರ್ಯ ಹೇಳಿದೆ. ನನ್ನ ಉದ್ಯೋಗ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ. ಎದುರಿಗಿರುವ ತಪ್ಪು ಕಾಣದಿದ್ದರೆ ಸಂಬಳ ಹಿಡಿಯುವ ಪದ್ಧತಿ ನಮ್ಮ ಕಂಪನಿಯಲ್ಲಿ ಸದ್ಯಕ್ಕಿಲ್ಲ, ಪುಣ್ಯ.

ಬುಧವಾರ ಸಂಜೆಯೇ ಮೆಲಾಕಾದಿಂದ ಡಾಕ್ಟರ್ ಪೈ ಬಂದಿಳಿದರು. ಉಡುಪಿ ಕಡೆಯವರು, ಈಗ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಕಿವಿ ಮೂಗು ಗಂಟಲಿನ ಪಾಠ ಹೇಳುತ್ತಾರೆ, ನಮ್ಮವರ ಪರಮಮಿತ್ರರು. ಗೃಹಪ್ರವೇಶಕ್ಕೆ ಹಿಂದಿನ ದಿನವೇ ಬಂದರಲ್ಲ, ಎಂಥ ವಿಶ್ವಾಸ ಎಂದು ನಾನು ಮನಸ್ಸಿನಲ್ಲೇ ಕೊಂಡಾಡಿದೆ. ಬೆಳಗಿನ ಜಾವ ನಮ್ಮವರು ಯಾರೂ ಎಬ್ಬಿಸದೆ ತಾವಾಗಿ ಎದ್ದರು. ಸ್ನಾನ ಮಾಡಿದರು. ಪಂಚೆ ಉಟ್ಟರು. "ಹೂವು ತರ್ತೀನಿ. ಲೇಟ್ ಆದ್ರೆ ಒಳ್ಳೇದೆಲ್ಲ ಖಾಲಿಯಾಗತ್ತೆ. ಪೈನೂ ಕರ್ಕೊಂಡು ಹೋಗ್ತೀನಿ, ನೀವು ಸೀದಾ ಹೊಸ ಮನೆಗೆ ಬಂದ್ಬಿಡಿ" ಎಂದರು. ಸ್ವಂತ ಮನೆಯೆಂಬುದು ಮನುಷ್ಯನನ್ನು ಹೇಗೆ ಬದಲಿಸುತ್ತದೆ ನೋಡಿ ಎಂದು ಹಾಸಿಗೆಯಲ್ಲಿ ಮಲಗಿಯೇ ನನ್ನ ಕಣ್ಣು ತೇವವಾಯಿತು.

ಆರೂವರೆಯ ಸುಮಾರಿಗೆ ನಾನೂ ಮಗಳು ಅನನ್ಯಾಳೂ ಹೊಸ ಮನೆ ತಲುಪಿದಾಗ ಬಾಗಿಲಲ್ಲಿ ಮೂವರು ನಿಂತಿದ್ದರು. ನಮ್ಮವರ ಕೈಯಲ್ಲಿ ಹೂವಿನ ಪೊಟ್ಟಣ, ಪಕ್ಕದಲ್ಲಿ ಡಾಕ್ಟರು, ಅವರ ಪಕ್ಕದಲ್ಲಿ ಗುರುಕ್ಕಳ್. ಮೂವರ ಮುಖದಲ್ಲೂ ತಿರುಪತಿ ದರ್ಶನ ಮುಗಿಸಿ ಬಂದವರ ಕಳೆ. "ರೀ, ಎಷ್ಟೊತ್ತಿಗೆ ಬಂದ್ರಿ?" ಎಂದೆ. ನಮ್ಮವರು ಬಾಯಿ ತೆರೆದರು. ಗ್ಯಾಸ್ಕೆಟ್ ಸವೆದ ಕುಕ್ಕರಿನಿಂದ ಬರುವಂಥ ಸದ್ದು ಬಂತು. ಗುರುಕ್ಕಳ್ ಕಡೆ ತಿರುಗಿದೆ. ಅವರು ಗಂಟಲು ಮುಟ್ಟಿ ತೋರಿಸಿ ಕೈ ಮುಗಿದರು.

ಅನನ್ಯಾ ಆಗಲೇ ಮೊಬೈಲು ನೋಡಿ ವಿಷಯ ತಿಳಿದುಕೊಂಡಿದ್ದಳು. ಇಲ್ಲಿಯವರಂತೆ ಮಾತಿನ ಬಾಲಕ್ಕೆ 'ಲಾ' ಸೇರಿಸಿ ಹೇಳಿದಳು. "ಅಮ್ಮಾ, ದೆ ವರ್ ಅಟ್ ದ ಮಮಕ್. ಯುರೋಪಿಯನ್ ಮ್ಯಾಚ್. ಒನ್ ಆಲ್ ಲಾ, ಲಾಸ್ಟ್ ಮಿನಿಟ್ ಗೋಲ್."

"ಒನ್ ಆಲ್ ಅಂದ್ರೆ? ಗೆದ್ರಾ?"

"ನೋ. ಡ್ರಾ."

ಮಮಕ್ ಎಂದರೆ ಇಲ್ಲಿ ಹಗಲೂ ರಾತ್ರಿ ತೆರೆದಿರುವ ಹೋಟೆಲು. ದೊಡ್ಡ ಪರದೆ, ರೊಟ್ಟಿ, ಎತ್ತಿ ಸುರಿದು ನೊರೆ ಬರಿಸಿದ ಚಹಾ. ಯಾವುದೋ ಸ್ಪೇನಿನ ಊರಿನಲ್ಲಿ ಅಲ್ಲಿಯ ರಾತ್ರಿ, ಅಂದರೆ ಇಲ್ಲಿಯ ಬೆಳಗಿನ ಜಾವ, ನಡೆದ ಪಂದ್ಯದಲ್ಲಿ ಇವರ ಕ್ಲಬ್ಬು ಉದ್ದಕ್ಕೂ ಸೋಲುತ್ತಾ ಬಂದು, ಒಬ್ಬ ಆಟಗಾರನನ್ನೂ ಹೊರಗೆ ಕಳಿಸಿಕೊಂಡು, ಮುಗಿಯುವ ಹೊತ್ತಿಗೆ ಯಾರದೋ ತಲೆಗೆ ತಾಗಿದ ಚೆಂಡು ಗೋಲಿನೊಳಗೆ ಹೋಯಿತಂತೆ. ಮೂವರ ಧ್ವನಿಯೂ ಅದರ ಜೊತೆಗೇ ಹೋಯಿತು. ಗುರುಕ್ಕಳ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರಂತೆ. ಮೂವರಲ್ಲಿ ಒಂದಿಷ್ಟಾದರೂ ಪಿಸುಗುಡಬಲ್ಲವರಾಗಿದ್ದ ಡಾಕ್ಟರು ನನಗೆ ತಿಳಿವಳಿಕೆ ನೀಡಲು ಮುಂದೆ ಬಂದರು. "ಬರೀ ಡ್ರಾ ಅಲ್ಲ ಮಾರಾಯ್ರೆ. ಅವರ ಊರಿಗೆ ಹೋಗಿ, ಹತ್ತೇ ಜನ ಇಟ್ಟುಕೊಂಡು ಮಾಡಿದ ಡ್ರಾ. ಗೆದ್ದದ್ದಕ್ಕಿಂತ ಅದೇ ದೊಡ್ಡದು." ನಾನು ನಾಳೆ ಕಚೇರಿಯಲ್ಲಿ, ಈ ಸಾಫ್ಟ್‌ವೇರು ಪಾಸೂ ಆಗಿಲ್ಲ ಫೇಲೂ ಆಗಿಲ್ಲ, ಆದರೆ ಪರೀಕ್ಷೆ ಗಿರಾಕಿಯ ಊರಿನಲ್ಲಿ ನಡೆದದ್ದರಿಂದ ಪಾಸಿಗಿಂತ ದೊಡ್ಡದು ಎಂದು ವರದಿ ಕೊಟ್ಟರೆ ಏನಾದೀತು ಎಂದು ಯೋಚಿಸಿದೆ.

ಯೋಚನೆಗೆ ಸಮಯವಿರಲಿಲ್ಲ. "ಗಂಟಲಿನ ಡಾಕ್ಟರಲ್ವಾ ನೀವು, ಏನಾದ್ರೂ ಮಾಡಿ" ಎಂದೆ. ಅವರು ಮೊಬೈಲಿನ ಬೆಳಕು ಹಾಕಿ ಮೊದಲು ಗುರುಕ್ಕಳ್ ಬಾಯಿಯನ್ನೂ ಆಮೇಲೆ ನಮ್ಮವರ ಬಾಯಿಯನ್ನೂ ಗಂಭೀರವಾಗಿ ಇಣುಕಿ ನೋಡಿ, "ಪೂರ್ತಿ ಬಾತಿದೆ. ಎರಡು ದಿನ ಮಾತಾಡ್ಲಿಕ್ಕಿಲ್ಲ" ಎಂದು ಪಿಸುಗುಟ್ಟಿ, ನನ್ನ ಫ್ಲಾಸ್ಕಿನ ಬಿಸಿನೀರನ್ನು ತಾವೇ ಕುಡಿದರು. ವಿದ್ಯೆ ಎಂದರೆ ಹೀಗಿರಬೇಕು.

ಅಷ್ಟರಲ್ಲಿ ಅತ್ತೆಯ ಕಾಲ್ ಬಂತು. ಮೈಸೂರಿನಲ್ಲಿ ಇನ್ನೂ ಐದು ಗಂಟೆಯಾಗಿರಲಿಲ್ಲ, ಅವರು ಮಡಿಯುಟ್ಟು ಕೂತಿದ್ದರು. ಮಗನನ್ನು ಮಾತಾಡಿಸಿದರು. ಮಗ ತುಟಿಯಾಡಿಸಿದ.

"ವಸುಧಾ, ಆಡಿಯೋ ಬರ್ತಿಲ್ಲ. ಮ್ಯೂಟ್ ತೆಗಿ."

"ಮ್ಯೂಟ್ ಆಗಿಲ್ಲ ಅತ್ತೆ. ನಂದು ಕೇಳಿಸ್ತಿದೆಯಲ್ವಾ?"

"ನಿಂದು ಯಾವಾಗ್ಲೂ ಕೇಳಿಸತ್ತಮ್ಮ. ಅವನಿಗೇನಾಗಿದೆ?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ಆದರೆ ಗಂಡನನ್ನು ಅವನ ತಾಯಿಯ ಎದುರು ಬಿಟ್ಟುಕೊಡಬಾರದೆಂಬ ಹಳೆಯ ಸಂಸ್ಕಾರ ಅಡ್ಡ ಬಂದು, "ಸ್ವಲ್ಪ ಗಂಟಲು ಹಿಡ್ಕೊಂಡಿದೆ" ಎಂದೆ. ಸಂಸ್ಕಾರಕ್ಕೆ ತಕ್ಷಣವೇ ಫಲ ಸಿಕ್ಕಿತು. "ಹಿಡ್ಕೊಳ್ದೆ ಇನ್ನೇನು. ಮನೆ ಸಾಮಾನೆಲ್ಲ ಧೂಳಲ್ಲಿ ಅವನ ಕೈಲೇ ಎತ್ತಿಸಿರ್ತೀಯ" ಎಂದರು ಅತ್ತೆ. ನಮ್ಮವರು ಅತ್ಯಂತ ದಣಿದ ಮುಖ ಮಾಡಿಕೊಂಡು ಪರದೆಯತ್ತ ನೋಡಿದರು.

ಮಂತ್ರಗಳನ್ನು ಮೊಬೈಲಿನಲ್ಲಿ ಹಾಕಿಬಿಡೋಣ ಎಂದು ಡಾಕ್ಟರು ಸೂಚಿಸಿದರು. ಅದನ್ನು ಅತ್ತೆಗೆ ಹೇಳಿದೆ. "ಫೋನು ಮಂತ್ರ ಹೇಳಿದ್ರೆ ಗೃಹಪ್ರವೇಶ ಫೋನಿಗೇ ಆಗತ್ತೆ. ನಿಂಗೆ ಬಾಯಿಲ್ವಾ? ನೀನೇ ಹೇಳು" ಎಂದರು. ಗುರುಕ್ಕಳ್ ಸಂತೋಷದಿಂದ ತಲೆಯಾಡಿಸಿ ನನ್ನ ಪಕ್ಕಕ್ಕೆ ಬಂದು ಕೂತರು. ಅವರು ಕಿವಿಯಲ್ಲಿ ಗಾಳಿಯೂದುವುದು, ನಾನು ಅದನ್ನು ಸಂಸ್ಕೃತವಾಗಿ ಪರಿವರ್ತಿಸಿ ಗಟ್ಟಿಯಾಗಿ ಹೇಳುವುದು. ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಹೇಳಿದೆ ಎನ್ನಿ. ಮೈಸೂರಿಗೆ ಕೇಳಿಸಬೇಕಿತ್ತು. ಅಲ್ಲದೆ ಒಂದೊಂದು ಮಂತ್ರದ ನಡುವೆ ನಮ್ಮವರಿಗೆ ಹೇಳಬೇಕಾದ ನಾಲ್ಕು ಮಾತುಗಳೂ ಸೇರಿಕೊಳ್ಳುತ್ತಿದ್ದವು. "ಶುಭೇ ಶೋಭನೇ ಮುಹೂರ್ತೇ, ಹೂವು ತರಕ್ಕೆ ಹೋಗಿದ್ರಂತೆ ಹೂವು, ಆದ್ಯಬ್ರಹ್ಮಣಃ" ಎಂಬ ಧಾಟಿಯಲ್ಲಿ ಸಂಕಲ್ಪ ಸಾಗಿತು.

ಯಜಮಾನರ ನಕ್ಷತ್ರ ಬಂದಾಗ ನಾನು ತಡವರಿಸಿದೆ. ಇಷ್ಟು ವರ್ಷ ಸಂಸಾರ ಮಾಡಿದರೂ ರೋಹಿಣಿಯೋ ಮೃಗಶಿರವೋ ಎಂಬುದು ನನಗೆ ಖಾತ್ರಿಯಿಲ್ಲ. ನಮ್ಮವರ ಮುಖ ನೋಡಿದೆ. ಅವರು ಎರಡೂ ಕೈಯ ಬೆರಳುಗಳನ್ನು ತಲೆಯ ಮೇಲೆ ಕೊಂಬಿನಂತೆ ಎತ್ತಿ ಹಿಡಿದು ಜಿಂಕೆಯ ಹಾಗೆ ಕತ್ತು ಕೊಂಕಿಸಿದರು. ನನಗೆ ಅರ್ಥವಾಯಿತು. ಅತ್ತೆಗೆ ಆಗಲಿಲ್ಲ. "ಏನೇ ವಸುಧಾ, ಅವನ್ಯಾಕೆ ಹಾಗಾಡ್ತಿದಾನೆ? ಜ್ವರ ಏನಾದ್ರೂ ತಲೆಗೇರಿದ್ಯಾ?" ಎಂದು ಕೇಳಿದ ಧ್ವನಿಯಲ್ಲಿ ನಿಜವಾದ ಭಯವಿತ್ತು. ನಾನು ಉತ್ತರ ಕೊಡುವ ಬದಲು "ಮೃಗಶಿರಾ ನಕ್ಷತ್ರೇ ಜಾತಸ್ಯ" ಎಂದು ಕೂಗಿದೆ.

ಗಡಿಯಾರ ಏಳೂವರೆಯ ಹತ್ತಿರ ಬಂದಿತ್ತು. ಹಾಲು ಉಕ್ಕುವ ಲಕ್ಷಣವೇ ಇಲ್ಲ. ಎಲ್ಲರೂ ಒಲೆಯ ಸುತ್ತ ನಿಂತೆವು. ಯಾರೂ ಮಾತಾಡಲಿಲ್ಲ. ಮೂವರಿಗೆ ಸಾಧ್ಯವಿರಲಿಲ್ಲ, ನನಗೆ ಮನಸ್ಸಿರಲಿಲ್ಲ. ಈ ಅಡುಗೆಮನೆಯ ಕನಸು ಕಂಡು ಎಷ್ಟು ಕಾಲವಾಗಿತ್ತು. ಮುಹೂರ್ತ ಮೀರಿದರೆ ಅತ್ತೆ ಏನೆನ್ನುತ್ತಾರೆ ಎಂಬುದಕ್ಕಿಂತ, ನನಗೇ ಎಲ್ಲೋ ಒಂದು ಮುಳ್ಳು ಉಳಿದುಬಿಡುತ್ತದೆ ಎಂಬ ಹೆದರಿಕೆ. ಆಗ ಪಾತ್ರೆಯ ಅಂಚಿನಲ್ಲಿ ಹಾಲು ನಡುಗಿತು, ಉಬ್ಬಿತು, ಪೂರ್ವದ ಕಡೆಗೆ ಚೆಲ್ಲಿತು. ನಮ್ಮವರು ನನ್ನ ಕೈ ಹಿಡಿದು ಏನೋ ಹೇಳಿದರು. ಕೇಳಿಸಲಿಲ್ಲ, ಆದರೆ ತುಟಿಯ ಆಕಾರದಲ್ಲಿ ನನ್ನ ಹೆಸರೇ ಇತ್ತು. ಕಣ್ಣಲ್ಲಿ ನೀರಿತ್ತು. ಅದು ಮನೆಗೋ ಡ್ರಾಕ್ಕೋ ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ. ಮೊದಲ ದಿನವೇ ಸುಳ್ಳು ಹೇಳಿಸಬಾರದು.

ಇಡ್ಲಿ ಬಡಿಸುತ್ತಿದ್ದಾಗ ಕರೆಗಂಟೆಯ ಸದ್ದಾಯಿತು. ಕಾಂಡೋದ, ಅಂದರೆ ನಮ್ಮ ಫ್ಲ್ಯಾಟುಗಳ ಕಟ್ಟಡದ, ಕಾವಲುಗಾರ, ನೇಪಾಳದವನು. ಬಹಳ ಸಂಕೋಚದಿಂದ, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ಕೆಳಗಿನ ಮನೆಯವರು ದೂರು ಕೊಟ್ಟಿದ್ದಾರೆ, ಬೆಳಗಿನಿಂದ ಈ ಮನೆಯಲ್ಲಿ ವಿಪರೀತ ಗಲಾಟೆಯಂತೆ ಎಂದ. ಜಗತ್ತಿನಲ್ಲಿ ನ್ಯಾಯವೆಂಬುದು ಇನ್ನೂ ಇದೆ ಎಂದು ನನಗೆ ಹಿತವಾಯಿತು. ಸಾಲಾಗಿ ಕೂತಿದ್ದ ಮೂವರನ್ನೂ ತೋರಿಸಿ, "ಫುಟ್‌ಬಾಲ್. ಇವರೇ. ಬೇಕಾದ್ರೆ ಕೇಳಿ" ಎಂದೆ.

"ನೋ ಮೇಡಂ," ಎಂದ ಅವನು ನೆಲ ನೋಡುತ್ತಾ. "ಒಬ್ಬ ಲೇಡಿ ಅಂತೆ. ಒಂದು ಗಂಟೆಯಿಂದ ನಿಲ್ಲಿಸದೆ ಗಂಡನಿಗೆ ಬೈತಿದಾರಂತೆ. ಗಂಡನ ಧ್ವನಿ ಒಂದು ಸಲಾನೂ ಕೇಳಿಸ್ಲಿಲ್ಲ ಅಂತಾರೆ. ಅವರಿಗೆ ಭಯ ಆಗಿದೆ."

ಅನನ್ಯಾ ಇಡ್ಲಿ ಗಂಟಲಿಗೆ ಸಿಕ್ಕಿಸಿಕೊಂಡಳು. ಅದು ಬೈಗುಳವಲ್ಲ, ಸಂಸ್ಕೃತ ಎಂದು ನಾನು ವಿವರಿಸತೊಡಗಿದೆ. ವಿವರಿಸುತ್ತಿದ್ದಂತೆ ನನ್ನ ಧ್ವನಿ ಸಹಜವಾಗಿಯೇ ಏರಿತು. ಸಾಕ್ಷಿಗೆಂದು ನಮ್ಮವರ ಕಡೆ ತಿರುಗಿದೆ. ಅವರು ಎದ್ದು ಬಂದು, ನನ್ನ ಪರವಾಗಿ ಮಾತಾಡಲೆಂದೇ ಬಾಯಿ ತೆರೆದರು. ಬರೀ ಗಾಳಿ ಬಂತು. ಕಾವಲುಗಾರ ಆ ತೆರೆದ ಬಾಯಿಯನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲನೆ ನಮ್ಮವರ ಹೆಗಲ ಮೇಲೆ ಕೈಯಿಟ್ಟ.

"ಸಬರ್, ಬಾಸ್. ಸಬರ್" ಎಂದ.

ಇಲ್ಲಿಯ ಮಲಯ ಭಾಷೆಯಲ್ಲೂ ಅವನ ಹಿಂದಿಯಲ್ಲೂ ಅದಕ್ಕೆ ಒಂದೇ ಅರ್ಥ, ತಾಳ್ಮೆ. ಯಾರಾದರೂ ಈ ಮಾತು ಹೇಳಲಿ ಎಂದು ಮದುವೆಯಾದ ದಿನದಿಂದ ಕಾಯುತ್ತಿದ್ದವರಂತೆ, ನಮ್ಮವರು ಕಣ್ಣು ಮುಚ್ಚಿ ನಿಧಾನವಾಗಿ ತಲೆಯಾಡಿಸಿದರು.