ಡಾಕ್ಟರಮ್ಮನ ಗೇಟಿನಿಂದ ಬಾಗಿಲತನಕ

ರಸ್ತಾ ಕೆಲಸದಾಗ ಮೂವತ್ತು ವರ್ಷ ಓವರ್‌ಸಿಯರ್ ಆಗಿದ್ದವನಿಗೆ ನಗೋ ಪ್ರಸಂಗ ಹುಡುಕ್ಕೊಂಡು ಹೋಗೋ ಜರೂರತ್ತು ಬೀಳಂಗಿಲ್ಲ. ಎರಿ ಮಣ್ಣಿನಂಗ ಅವೇ ಕಾಲಿಗೆ ಮೆತ್ಗೊಂಡು ಮನಿತನಕ ಬರ್ತಾವ. ರಾಯಚೂರಾಗ ಬಂದಾವ, ದೇವದುರ್ಗದಾಗ ಬಂದಾವ. ಆದ್ರ ಎಪ್ಪತ್ತರ ದಶಕದ ಕೊನಿಗೆ ಮಾನ್ವಿಯಾಗ ನಮ್ಮ ಡಾಕ್ಟರಮ್ಮನ ಮನಿ ಮುಂದಿನ ನಲವತ್ತಡಿ ಹಾದಿ ನನಗ ಕೊಟ್ಟಷ್ಟು ನಗು, ಕಲಿಸಿದಷ್ಟು ಬುದ್ಧಿ, ನಾನು ಮಾಡಿಸಿದ ಯಾವ ದೊಡ್ಡ ರಸ್ತಾನೂ ಕೊಡಲಿಲ್ಲ.

ಐದಡಿ ಮೂರಂಗುಲ

ಡಾಕ್ಟರಮ್ಮ ರಾಯಚೂರಿನವರು. ಮಾನ್ವಿ ಅಂಚಿಗೆ, ಎರಿ ಹೊಲ ಒಡೆದು ಪ್ಲಾಟ್ ಮಾಡಿದ ಜಾಗದಾಗ ಮನಿ ಕಟ್ಟಿಸಿ, ಮುಂದಿನ ಎರಡು ಕೋಣಿ ದವಾಖಾನಿ ಮಾಡಿದ್ರು. ಮಾತು ಕಡಿಮಿ, ಕೈಗುಣ ದೊಡ್ಡದು. ಸುತ್ತಲ ಹಳ್ಳಿ ಬಸುರ್ಯಾರೆಲ್ಲಾ ಅವರ ಹತ್ರಾನ ಬರ್ತಿದ್ರು.

ಮನಿ ಚಂದಿತ್ತು, ಗೇಟೂ ಚಂದಿತ್ತು. ಎರಡರ ನಡುವಿನ ನಲವತ್ತಡಿ ಮಾತ್ರ ಬರೇ ಎರಿ ಮಣ್ಣು. ಬ್ಯಾಸಗ್ಯಾಗ ಅಂಗೈ ಇಳಿಯುವಷ್ಟು ಬಿರುಕು, ಮಳ್ಯಾಗ ಮೊಣಕಾಲುದ್ದ ರಾಡಿ. ಮೊದಲನೇ ಮಳಿಗಾಲದಾಗ ಡಾಕ್ಟರಮ್ಮನ ಕಾರು ಅಂಗಳದಾಗ ಹೂತು ನಿಂತದ್ದು ದಸರಾತನಕ ಏಳಲಿಲ್ಲ. ಹಳ್ಳಿಯಿಂದ ಬಂದ ಬಂಡಿಗಳು ಗೇಟಿನಾಗ ನಿಲ್ತಿದ್ವು. ಬ್ಯಾನಿ ತಿನ್ನೋ ಹೆಣ್ಣುಮಕ್ಕಳನ್ನ ಅಣ್ಣತಮ್ಮಂದಿರು ಹೊತ್ಕೊಂಡು, ಜಾರ್ಕೋತ, ಬಾಗಿಲು ಮುಟ್ಟಿಸ್ತಿದ್ರು.

ಎರಿ ಮಣ್ಣು ಹೆಜ್ಜಿಗೊಂದು ಪದರು ಚಪ್ಪಲಿಗೆ ಮೆತ್ತತದ. ಗೇಟಿನಾಗ ಐದಡಿ ಇದ್ದ ಡಾಕ್ಟರಮ್ಮ ಬಾಗಿಲಕ್ಕ ಬರೋದ್ರಾಗ ಐದಡಿ ಮೂರಂಗುಲ ಆಗಿರ್ತಿದ್ರು. ಒಂದಿನ ಬಾಗಿಲಾಗ ಕುಂತಿದ್ದ ಮುದುಕಿ ಅವರನ್ನ ಕೆಳಗಿಂದ ಮ್ಯಾಲತನಕ ನೋಡಿ, ಸೊಸಿ ಕಡೆ ಹೊಳ್ಳಿ ಅಂದ್ಲಂತ: "ಹೋದ ಸಲಕ್ಕಿಂತ ಎತ್ತರ ಆಗ್ಯಾಳ ನೋಡವಾ. ಇನ್ನಾ ಬೆಳಿಯೋ ವಯಸ್ಸು, ಪಾಪ, ಈಗ್ಲೇ ಎಷ್ಟು ಜವಾಬ್ದಾರಿ ಹೊತ್ತಾಳ."

ಚಪ್ಪಲಿ ನಾಟಿ

ಸಂಕ್ರಾಂತಿ ಆದ ಮ್ಯಾಲ ಹೆಂಡ್ತಿನ್ನ ತೋರಿಸಾಕ ಕರ್ಕೊಂಡು ಹೋಗಿದ್ದೆ. ಡಾಕ್ಟರಮ್ಮ ಎರಡು ಸುದ್ದಿ ಹೇಳಿದ್ರು. ಮೊದಲನೇದು, ಶ್ರಾವಣದಾಗ ನಾನು ಅಪ್ಪ ಆಗಾಂವ. ಎರಡನೇದನ್ನ ಕೈ ತೊಳ್ಕೋತ ಹೇಳಿದ್ರು: "ಓವರ್‌ಸಿಯರ್ರ, ಬರೋ ಮಳಿಗಾಲದಾಗೂ ನನ್ನ ಪೇಷಂಟನ್ನ ಹೊತ್ಕೊಂಡು ತರೋದಾದ್ರ ನಾನು ರಾಯಚೂರಿಗೆ ಹೋಗ್ತೀನಿ. ಬೆದರಿಕಿ ಅಲ್ಲ. ಮೊದಲ ಹೇಳಿರ್ತೀನಿ ಅಷ್ಟ."

ನನ್ನ ಹೆಂಡ್ತಿ ಮಾರಿ ಸಣ್ಣದಾತು. ಹಿಂದ ಒಂದು ಸಲ ಬಸುರು ನಿಂತು, ಕೂಸು ಕೈಬಿಟ್ಟಿತ್ತು. ಆವಾಗ ಅಕಿನ್ನ ಉಳಿಸಿ ಕೊಟ್ಟವರು ಇದ ಡಾಕ್ಟರಮ್ಮ. ಹಾದ್ಯಾಗ ಅಕಿ ಒಂದ ಮಾತು ಅಂದ್ಲು: "ನಾ ಬ್ಯಾರೆ ಯಾರ ಕೈಯಾಗೂ ಹಡಿಯಂಗಿಲ್ಲ. ಅವರ ಹಾದಿ ಮಾಡಿ ಕೊಡ್ರಿ." ನನಗ ಖರೇನ ಅಂಜಿಕಿ ಆತು.

ನಾನು ಡಿಪ್ಲೊಮಾ ಓದಿದವ. ಡಾಕ್ಟರಮ್ಮನ ಗೇಟಿನ ಮುಂದಿನ ಕಂಕರ್ ಜಲ್ಲಿ ರಸ್ತಾ ಹಿಂದಿನ ವರ್ಷ ನಾನ ಮಾಡಿಸಿದ್ದೆ. ಅದರ ಮ್ಯಾಲ ನನಗ ಭಾಳ ಅಭಿಮಾನ ಇತ್ತು. ಅದ ಜೋರಿನಾಗ, "ಡಾಂಬರು ಹಾಕ್ಸ್ರಿ ಅಮ್ಮಾರ, ಎಲ್ಲಾ ಮುಗೀತದ" ಅಂದೆ. ಹೋಳಿ ಹುಣ್ಣಿಮಿ ಹೊತ್ತಿಗೆ ಅಂಗಳ ಕರೀಗ ಮಿರಿಮಿರಿ ಮಿಂಚಾಕತ್ತಿತು.

ನಮ್ಮ ಕಡೆ ಮಂದಿ ಗುಡಿಗೂ ಡಾಕ್ಟರ ಮನಿಗೂ ಚಪ್ಪಲಿ ಹಾಕ್ಕೊಂಡು ಹೋಗಂಗಿಲ್ಲ. ಅಷ್ಟು ಮಿಂಚೋ ನೆಲ ನೋಡಿ, ಇದು ಒಳಗಿನ ನೆಲಾನ ಅಂತ ತಿಳ್ಕೊಂಡು, ಗೇಟು ದಾಟಿದ್ದ ತಡ, ಡಾಂಬರಿನ ಮ್ಯಾಲ ಸಾಲಾಗಿ ಚಪ್ಪಲಿ ಬಿಟ್ಟು, ಬರಿಗಾಲಿಲೆ ಮುಂದ ನಡದ್ರು. ವೈಶಾಖದ ಬಿಸಲು, ನಮ್ಮ ರಾಯಚೂರು ಜಿಲ್ಲಾದ್ದು. ಎರಡನೇ ಹೆಜ್ಜಿಗೇ ಎಲ್ಲಾರೂ ಕುಣ್ಕೋತ ಬಾಗಿಲು ಮುಟ್ಟಿದ್ರು. ಡಾಕ್ಟರಮ್ಮ ಕಿಟಕ್ಯಾಗಿಂದ ನೋಡಿ, "ಇವರಿಗೆ ಬ್ಯಾನಿ ಎಲ್ಲಿ ಅದ? ಇಷ್ಟು ಚಲೋ ಕುಣಿಯಾಕತ್ತಾರ" ಅಂದ್ರು.

ಹೊಳ್ಳಿ ಹೋಗೋ ಮುಂದ ನೋಡಿದ್ರ ಚಪ್ಪಲಿಗಳು ಡಾಂಬರಿನಾಗ ಅರ್ಧ ಮುಳುಗಿ ಕುಂತಿದ್ವು. ನಾನ ಉಳಿ ಹಿಡ್ಕೊಂಡು ಒಂದೊಂದ ಕಿತ್ತಿ ಕೊಟ್ಟೆ. ಪೋತ್ನಾಳದ ಒಬ್ಬ ಯಜಮಾನರದ್ದು ಒಂದು ಬಂತು, ಇನ್ನೊಂದು ಏನ ಮಾಡಿದ್ರೂ ಬರವಲ್ದು. ಅವರು ಬಂದ ಚಪ್ಪಲಿ ಬಗಲಾಗ ಇಟ್ಕೊಂಡು ಸಮಾಧಾನದಿಂದ ಅಂದ್ರು: "ಅದು ಇಲ್ಲೇ ಇರ್ಲಿ ಬಿಡ್ರಿ. ಸೊಸಿನ್ನ ತೋರಿಸಾಕ ಎಂಟನೇ ದಿನಕ್ಕ ನಾನ ಮತ್ತ ಬರಾಂವ ಇದ್ದೀನಿ."

ಪರೀಕ್ಷಾ ಪಾಸ್

ಡಾಂಬರು ಕಿತ್ತಿಸಿದ್ವಿ. ಡಾಕ್ಟರಮ್ಮಗ ಒಳಗಿನ ಹಾಲ್‌ನಾಗಿನ ನುಣುಪು ಫರಸಿ ಕಲ್ಲ ಹೊರಗೂ ಹಾಸಬೇಕಂತ ಮನಸ್ಸಾತು. ಹಾಸಾಕ ದೇವದುರ್ಗದಿಂದ ಒಬ್ಬ ಹಳೇ ಗೌಂಡಿನ್ನ ಕರಿಸಿದ್ರು. ಗಬ್ಬೂರಿನ ಹಳೇ ಗುಡಿ ಕಟ್ಟಿ ಕಲ್ಲು ಕಳಚಿದಾಗ ಮತ್ತ ಕೂಡಿಸಿ ಕೊಟ್ಟವರಂತ ಅವರು. ಊರೆಲ್ಲಾ ಚಾಚಾ ಅಂತಿತ್ತು, ನಾವೂ ಅಂದ್ವಿ.

ಚಾಚಾ ಬಸ್‌ಸ್ಟ್ಯಾಂಡಿನಿಂದ ಟಾಂಗಾದಾಗ ಬಂದ್ರು. ಗೇಟಿನಾಗ ಇಳಿದು ಸ್ವಲ್ಪ ಹೊತ್ತು ಸೊಂಟ ಹಿಡ್ಕೊಂಡು ನಿಂತು, "ಈ ರಸ್ತಾ ಯಾರು ಮಾಡಿಸ್ಯಾರ?" ಅಂತ ಕೇಳಿದ್ರು. ನಾನು ಎದಿ ಉಬ್ಬಿಸಿ, "ನಾನ" ಅಂದೆ. ಚಾಚಾ, "ಅಚ್ಛಾ" ಅಂದು ಮುಗಿಲು ನೋಡಿದ್ರು. ಆವಾಗ ನನಗ ತಿಳೀಲಿಲ್ಲ.

ನಾನು ನಕಾಶಿ ಹಾಸಿ ಕಂಪಾಸ್ ತಗದ್ರ, ಚಾಚಾ ಅದರ ಕಡೆ ನೋಡಲೂ ಇಲ್ಲ. ನಡು ಮಧ್ಯಾಹ್ನ ಒಂದು ಫರಸಿ ಬಿಸಲಿಗೆ ಇಟ್ಟು, ಅದರ ಮ್ಯಾಲ ಬರಿಗಾಲಿಲೆ ನಿಂತು, ಬಾಯಾಗ ಏನೋ ಎಣಿಸಿದ್ರು. ಆಮ್ಯಾಲ ಒಂದು ತಂಬಿಗಿ ನೀರು ಸುರುವಿ, "ಈಗ ನಡೀರಿ ಸಾಹೇಬ್ರ" ಅಂತ ನನಗಂದ್ರು. ನಾನು ಆಫೀಸ್ ಬೂಟಿನಾಗ ಹೆಜ್ಜಿ ಇಟ್ಟೆ. ಮುಂದಿನ ಕ್ಷಣ ಡಾಕ್ಟರಮ್ಮನ ಮನಿ ಛತ್ತು ಕಂಡಿತು, ಆಮ್ಯಾಲ ಮುಗಿಲು ಕಂಡಿತು.

ಡಾಕ್ಟರಮ್ಮ ಓಡಿ ಬಂದು ಕೈಕಾಲು ಮುಟ್ಟಿ ನೋಡಿ, ಮುರದಿಲ್ಲ ಅಂದ್ರು. ಚಾಚಾ ನನ್ನನ್ನ ಎಬ್ಬಿಸಿ ಧೂಳು ಝಾಡಿಸ್ಕೋತ ಅವರಿಗೆ ಹೇಳಿದ್ರು: "ಅಮ್ಮಾ, ಇಲ್ಲಿ ತುಂಬಿದ ಹೊಟ್ಟಿ ಹೆಣ್ಣುಮಕ್ಕಳು ನಡೀಬೇಕು. ಈ ಕಲ್ಲು ಬ್ಯಾಡ. ಪರೀಕ್ಷಾಕ್ಕ ಕುಂತವರು ಸಾಹೇಬ್ರು ಅಂತ ಚಲೋ ಆತು, ಅವರ ಹೊಟ್ಯಾಗ ಬರೇ ಉಪ್ಪಿಟ್ಟು ಇತ್ತು."

ತುಂಬಿದ ಕೊಡ

ಆಮ್ಯಾಲ ಚಾಚಾ ಮಾಡಿದ ಕೆಲಸ ನಾನು ಇವತ್ತಿಗೂ ಮರ್ತಿಲ್ಲ. ನೆನಸ್ಕೊಂಡಾಗೊಮ್ಮೆ ಮನಸ್ಸಿನಾಗ ಕೈ ಮುಗೀತೀನಿ.

ಎರಿ ಮಣ್ಣು ಮಳ್ಯಾಗ ಉಬ್ಬತದ, ಬಿಸಲಾಗ ಕುಗ್ಗತದ. ಅದರ ಮ್ಯಾಲ ಸಿಮೆಂಟ್ ಹಾಕಿದ್ರ ಸೀಳತದ, ಕಲ್ಲು ಹಾಕಿದ್ರ ವಾಲತದ. ಹಂಗಾಗಿ ಚಾಚಾ ಮೊದಲು ಎರಡೂವರಿ ಅಡಿ ಎರಿ ಮಣ್ಣು ತಗಿಸಿ ಹೊರಗ ಹಾಕ್ಸಿದ್ರು. ಆ ಕುಣಿಗೆ ಗರಸು ಮಣ್ಣು ತುಂಬಿ, ನೀರು ಹೊಡೆದು, ಗಟ್ಟಿ ಕೂಡ್ಲಂತ ಧಮ್ಮಸ್ ಬಡಿಸಿದ್ರು; ಮತ್ತ ಗರಸು, ಮತ್ತ ನೀರು, ಮತ್ತ ಧಮ್ಮಸ್. ಎರಡೂ ಮಗ್ಗಲು ನೀರು ಹರಿಯಾಕ ಗಟಾರ ತಗಿಸಿದ್ರು. ಮ್ಯಾಲ ದೇವದುರ್ಗದ ಕಡೆಯ ಗುಡ್ಡದ ಗಟ್ಟಿ ಕಲ್ಲು, ಕಾಲು ಜಾರದಂಗ ಉಳಿಲೆ ಸಣ್ಣಗ ಕಚ್ಚು ಹಾಕಿದ್ದು. ಕಾಲು ಸುಡಬಾರದಂತ ಕಲ್ಲಿನ ಸಂದ್ಯಾಗ ಗರಿಕಿ ಹಚ್ಚಿಸಿದ್ರು, ಹಾದಿಗುಂಟ ಎರಡು ಬೇವಿನ ಗಿಡ. ಪುಸ್ತಕದಾಗ ಇದ್ದದ್ದೆಲ್ಲಾ ಅವರ ಅಂಗಾಲಿನಾಗ ಇತ್ತು.

ಕೆಲಸ ಮುಗೀತು ಅಂತ ನಾವು ಟೆಂಗಿನಕಾಯಿ ತಂದ್ರ, ಚಾಚಾ ಕಾಯಿ ಬದಿಗಿಡಿಸಿ ಒಂದು ಬಂಡಿ ತರಿಸಿದ್ರು. ಬಂಡ್ಯಾಗ ಕಂಠತನಕ ನೀರು ತುಂಬಿದ ಕೊಡ ಇಟ್ಟು, ಗೇಟಿನಿಂದ ಬಾಗಿಲತನಕ ಹೊಡಿಸಿದ್ರು. ಮೂರು ಕಡೆ ನೀರು ಚೆಲ್ಲಿತು. ಚೆಲ್ಲಿದ ಮೂರೂ ಕಡೆ ಕಲ್ಲು ಎಬ್ಬಿಸಿ ಮತ್ತ ಕೂಡಿಸಿದ್ರು. ಎರಡನೇ ಸಲ ಒಂದು ಕಡೆ ಚೆಲ್ಲಿತು. ಮತ್ತ ಎಬ್ಬಿಸಿದ್ರು. ಮೃಗಶಿರಾ ಮಳಿ ಮೋಡ ಕಟ್ಟಾಕತ್ತಿತ್ತು, ನನಗ ಜೀವ ಕೈಯಾಗ.

"ಚಾಚಾ, ಒಂದು ತುಳುಕು ನೀರಿಗೆ ಯಾಕ ಇಷ್ಟು?" ಅಂದೆ. ಅವರು ಕಲ್ಲಿನ ಮ್ಯಾಲಿನ ಕೈ ತಗೀದ ಅಂದ್ರು, "ಸಾಹೇಬ್ರ, ಬಂಡ್ಯಾಗ ನಾಳಿ ಕೊಡ ಬರಂಗಿಲ್ಲ. ಯಾರದೋ ಮನಿ ಕೂಸು ಬರ್ತದ." ಕಣ್ಣಾಗ ನೀರು ಬಂತು, ಗರಸಿನ ಧೂಳು ಅಂತ ಒರಸ್ಕೊಂಡೆ.

ಮೂರನೇ ಸಲ ಒಂದು ಹನಿ ಚೆಲ್ಲಲಿಲ್ಲ. ಅಷ್ಟೊತ್ತೂ ಎತ್ತಿನ ಮಗ್ಗಲಾಗ ನಡ್ಕೋತ ಬಂದಿದ್ದ ಬಂಡಿಯವ ಉಸಿರು ಬಿಟ್ಟು ಚಾಚಾನ್ನ ಕೇಳಿದ: "ಹಂಗಾದ್ರ ಇನ್ನ ನಾ ಈ ನೀರು ಕುಡೀಲೇನ್ರಿ? ಮುಂಜಾನಿಂದ ಬಾಯಿ ಆರಿ ಹೋಗ್ಯದ, ಅಳತಿ ಕಡಿಮಿ ಆದೀತಂತ ಸುಮ್ಮನಿದ್ದೆ."

ಎರಡು ಹಾದಿ

ಶ್ರಾವಣ ಬಂತು. ಮೂರು ದಿನ ಹಿಡಿದ ಜಡಿಮಳಿ ನಾಲ್ಕನೇ ದಿನ ಮಧ್ಯಾಹ್ನ ಇನ್ನಾ ಜೋರಾದಾಗ ನನ್ನ ಹೆಂಡ್ತಿಗೆ ಬ್ಯಾನಿ ಚಾಲೂ ಆತು. ಟಾಂಗಾ ತಂದು ಕುಂಡ್ರಿಸಿದೆ.

ನಮ್ಮ ಮನಿಯಿಂದ ಡಾಕ್ಟರಮ್ಮನ ಗೇಟಿನತನಕ ನನ್ನ ರಸ್ತಾ. ಈ ಮಳಿಗಂತೂ ಅದರ ಕಂಕರೆಲ್ಲಾ ಎದ್ದು, ನಡುನಡುವ ತೆಗ್ಗು ಬಿದ್ದಿದ್ವು. ತೆಗ್ಗಿಗೊಮ್ಮೆ ಟಾಂಗಾ ಜಿಗೀತಿತ್ತು, ಅಕಿ "ಯವ್ವಾ" ಅಂತಿದ್ಲು. ಒಂದು ದೊಡ್ಡ ತೆಗ್ಗಿಗೆ, "ಈ ರಸ್ತಾ ಮಾಡಿಸಿದವನ ಕೈಯಾಗ" ಅಂತ ಶಾಪ ಚಾಲೂ ಮಾಡಿ, ನನ್ನ ಮಾರಿ ನೋಡಿ ಅರ್ಧಕ್ಕ ನುಂಗಿದ್ಲು. ನಾನು ಮುಂದ ಕೇಳಲಿಲ್ಲ.

ಗೇಟಿನೊಳಗ ಗಾಲಿ ಹೊಕ್ಕಿದ್ದ ತಡ, ಟಾಂಗಾ ನಡೀತದೋ ನಿಂತದೋ ತಿಳೀದಂಗಾತು. ಗಟಾರದಾಗ ನೀರು ಹರೀತಿತ್ತು, ಕಲ್ಲಿನ ಮ್ಯಾಲ ಒಂದು ಚೂರು ರಾಡಿ ಇಲ್ಲ. ಪಡಸಾಲ್ಯಾಗ ಚಾಚಾ ಕುಂತಿದ್ರು. ಕಟ್ಟಿದವ ಮೊದಲನೇ ದೊಡ್ಡ ಮಳಿ ಕಣ್ಣಾರೆ ನೋಡಬೇಕು ಅಂಬೋದು ಅವರ ಪದ್ಧತಿ. ಅದಕ್ಕಂತನ ದೇವದುರ್ಗದಿಂದ ತೊಯ್ಕೋತ ಬಂದಿದ್ರು. ಹೊತ್ಕೊಳ್ಳೋ ಮಾತ ಇಲ್ಲ, ನನ್ನ ಹೆಂಡ್ತಿ ತಾನ ಇಳಿದು, ಎರಡು ಹೆಜ್ಜಿ ನಡೆದು ಒಳಗ ಹೋದ್ಲು.

ಹೋದ್ಲು, ಬ್ಯಾನಿ ನಿಂತು ಹೋತು. ಒಂದು ತಾಸಾತು, ಎರಡಾತು. ಅಕಿ ಆರಾಮ ಚಹಾ ಕುಡೀತಾ ಕುಂತಾಳ, ನಾನು ಹೊರಗ ಹಾದಿ ಕಲ್ಲು ಎಣಸಾಕತ್ತೀನಿ. ಹೋದ ಸಲದ್ದೆಲ್ಲಾ ಕಣ್ಣ ಮುಂದ ಬಂತು. ಡಾಕ್ಟರಮ್ಮ ಬಂದು, "ಅಂಜಬ್ಯಾಡ್ರಿ, ಕೂಸಿನ ಎದಿಬಡಿತ ಚಲೋ ಅದ. ಸ್ವಲ್ಪ ಅಲುಗಾಟ ಬೇಕು ಅಷ್ಟ" ಅಂದ್ರು. ಮಳಿ ನಿಂತಿತ್ತು. ಅವರು ಗೇಟಿನ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. ಮಾರಿ ಮ್ಯಾಲ ನಗು ಇಲ್ಲ.

"ಟಾಂಗಾದಾಗ ಒಂದು ಸುತ್ತು ಕರ್ಕೊಂಡು ಬರ್ರಿ. ನಾನೂ ಜೋಡಿ ಕುಂಡ್ರತೀನಿ. ಇಲ್ಲಿ ಅಲ್ಲ, ಹೊರಗ. ನಿಮ್ಮ ರಸ್ತಾದ ಮ್ಯಾಲ."

ಹೋದ್ವಿ. ಮೂರನೇ ತೆಗ್ಗಿಗೆ ಅಕಿ "ಯವ್ವಾ" ಅಂದ್ಲು. ಐದನೇದಕ್ಕ ಬ್ಯಾನಿ ಮತ್ತ ಚಾಲೂ ಆತು, ಡಾಕ್ಟರಮ್ಮ, "ಸಾಕು, ಹೊಳ್ಳಸ್ರಿ" ಅಂದ್ರು. ಚಾಚಾನ ಹಾದಿ ಮ್ಯಾಲ ಒಂದು ಹನಿ ತುಳುಕದಂಗ ಒಳಗ ಬಂದ್ವಿ. ಹೊತ್ತು ಮುಳುಗೋದ್ರಾಗ ಮಗಳು ಹುಟ್ಟಿದ್ಲು. ತಾಯಿ ಮಗಳು ಇಬ್ಬರೂ ಗಟ್ಟಿ. ಡಾಕ್ಟರಮ್ಮ ಕೈ ಒರಸ್ಕೋತ ಹೊರಗ ಬಂದು, ರಾಯಚೂರಿಗೆ ಹೋಗೋ ಮಾತು ಇನ್ನ ಎತ್ತಂಗಿಲ್ಲ ಅಂದ್ರು. ಮುಂದ ಎತ್ತಲೂ ಇಲ್ಲ.

ನಾನು ಸಕ್ಕರಿ ತಗೊಂಡು ಪಡಸಾಲಿಗೆ ಹೋಗಿ ಚಾಚಾನ ಎರಡೂ ಕೈ ಹಿಡ್ಕೊಂಡೆ. "ಚಾಚಾ, ನಿಮ್ಮ ಹಾದಿಯಿಂದ ನನ್ನ ಮನಿ ದೀಪ ಹತ್ತಿತು" ಅಂದೆ. ಅವರು ಸಕ್ಕರಿ ಬಾಯಾಗ ಹಾಕ್ಕೊಂಡು, ಭಾಳ ಗೌರವದಿಂದ ತಲಿ ಅಲ್ಲಾಡಿಸಿದ್ರು.

"ಹಂಗನಬ್ಯಾಡ್ರಿ ಸಾಹೇಬ್ರ. ನನ್ನ ಹಾದಿ ಬರೇ ಬಾಗಿಲತನಕ ಕರ್ಕೊಂಡು ಬಂತು. ಹಡಿಸಿದ್ದು ನಿಮ್ಮ ರಸ್ತಾ."