ಮೂರನೇ ಕರಿಯನ ಬಣ್ಣ

ನಾಯಿ ಸಾಕಿದ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಸ್ವಲ್ಪ ಅಡ್ಡಾಗೋಣ ಅಂತ ದಿಂಬು ಎಳೆದುಕೊಂಡ ಹೊತ್ತಿಗೇ ಆಗುತ್ತದೆ.

ಹಳಿಯಾಳದ ಹತ್ತಿರದ ಹಳ್ಳಿ ನಮ್ಮದು. ಮಾವನವರ ಕಾಲದಿಂದಲೂ ಕುರಿ ಕಾಯುವ ನಾಯಿಯ ಒಂದು ತಳಿ ಮನೆಯಲ್ಲಿದೆ. ಕುರಿ ಚದುರಿದರೆ ಬೊಗಳದೆ, ಕಚ್ಚದೆ, ಸುತ್ತು ಹಾಕಿ ಹಾಕಿ ಒಂದು ಮೂಲೆಗೆ ಕೂಡಿಸುವುದು ಇದರ ಗುಣ. ಬಣ್ಣ ಯಾವುದಾದರೂ ನಡೆದೀತು, ಮೈಮೇಲೆ ಬಿಳಿ ಚುಕ್ಕಿ ಮಾತ್ರ ಇರಕೂಡದು, ಇದ್ದರೆ ಅದು ನಮ್ಮ ತಳಿಯಲ್ಲ ಎಂಬುದು ಮಾವನವರ ಕಟ್ಟಳೆ. ಮುಂಡಗೋಡದ ಕಡೆಯ ಕುರಿಗಾರರು ಇವತ್ತಿಗೂ ತೆಂಗಿನಕಾಯಿ ಹಿಡಿದುಕೊಂಡು ಮರಿ ಕೇಳಲು ಬರುತ್ತಾರೆ. ಮಾವ ತೀರಿಕೊಂಡ ಮೇಲೆ ಇದನ್ನೆಲ್ಲ ಅತ್ತೆ ನಡೆಸುತ್ತಾರೆ. ಅಂದರೆ ಅತ್ತೆ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ. ಹೋದ ವರ್ಷ ಮನೆಯಲ್ಲಿ ಉಳಿದದ್ದು ಒಂದೇ ಮುದಿ ಗಂಡು. ಅದಕ್ಕೊಂದು ಹೆಣ್ಣು ಸಿಗದಿದ್ದರೆ ತಳಿ ಅಲ್ಲಿಗೆ ಮುಗಿಯಿತು.

೧. ಎಂ.ಎ. ಕೆಲಸಕ್ಕೆ ಬಂದದ್ದು

ದನದ ಡಾಕ್ಟರು ಬಂದವರು, "ಮೇಡಂ, ಈ ತಳಿದೊಂದು ಇತಿಹಾಸ ಬರದು ಕೊಡ್ರಿ. ಯಾವ ನಾಯಿ ಯಾವುದರ ಮಗ ಅಂತ. ಇಲಾಖೆಗೆ ಕಳಸ್ತೇನಿ. ನೀವು ಇತಿಹಾಸದಾಗ ಎಂ.ಎ. ಅಲ್ಲೇನ್ರಿ?" ಅಂದರು. ಈ ಮನೆಗೆ ಬಂದಾಗಿನಿಂದ ನನ್ನ ಎಂ.ಎ.ಯನ್ನು ಕೇಳಿದವರು ಅವರೊಬ್ಬರೇ. ವಹಿ ಹಿಡಿದು ಅತ್ತೆಯ ಮುಂದೆ ಕೂತೆ.

"ಈಗಿರೂ ನಾಯಿ ಹೆಸರ ಕರಿಯಾ. ಅದರಪ್ಪಂದು?"

"ಕರಿಯಾ."

"ಅವರಪ್ಪಂದು?"

"ಅವನೂ ಕರಿಯಾನ. ಗಂಡಾದ್ರ ಕರಿಯಾ, ಹೆಣ್ಣಾದ್ರ ಕೆಂಚಿ. ಹೆಸರ ಬದಲ ಮಾಡಿದ್ರ ಕುರಿ ಮಾತ ಕೇಳೂದಿಲ್ಲ."

ರಾಜರ ಪಾಠ ಮಾಡಿದ ಅಭ್ಯಾಸ. ಒಂದನೇ ಕರಿಯ, ಎರಡನೇ ಕರಿಯ ಅಂತ ಬರೆಯುತ್ತ ಹೋದೆ. ಮೂರನೇ ಕರಿಯ ಮಾವನವರ ಜೀವ. ಅಂಥ ಶುದ್ಧ ರಕ್ತ ಮತ್ತೆ ಹುಟ್ಟಲಿಲ್ಲ ಅಂತ ಕಡೆಯವರೆಗೂ ಹೇಳುತ್ತಿದ್ದರು. ಅತ್ತೆ ಕೂಡ ಅಮಾವಾಸ್ಯೆಗೊಮ್ಮೆ ತಾವೇ ಕೂತು ಅವನ ಮೈಗೆ ಎಣ್ಣೆ ತಿಕ್ಕುತ್ತಿದ್ದರಂತೆ. ಬೇರೆ ಯಾವ ಕರಿಯನಿಗೂ ಆ ಭಾಗ್ಯವಿರಲಿಲ್ಲ, ನನ್ನ ಗಂಡನಿಗೂ.

ಆರನೆಯವನ ಹೊತ್ತಿಗೆ ಅತ್ತೆ ತಡೆದರು. "ಐದನೇ ಕರಿಯಾ ಕೆಂಪಗಿದ್ದ. ಅದನ್ನೂ ಬರಿ."

"ಕೆಂಪ ನಾಯಿಗೆ ಕರಿಯಾ ಅಂತ ಹೆಂಗ ಇಟ್ರಿ?"

"ನಿನಗ ಶಾಂತಾ ಅಂತ ಇಟ್ಟಾರಲ್ಲ, ಹಂಗ."

೨. ಅಕ್ಕನ ಮಗಳು

ಪಕ್ಕದ ಊರಲ್ಲಿ ಒಂದು ಕೆಂಚಿ ಇದೆ ಅಂತ ಗಂಡ ಸುದ್ದಿ ತಂದರು. ಅತ್ತೆ ತಲೆ ಅಲ್ಲಾಡಿಸಿದರು. "ಅದು ನಮ್ಮ ಕರಿಯಾನ ಅಕ್ಕನ ಮಗಳು. ಬ್ಯಾಡ."

"ನಮ್ಮ ಮಂದಿಯೊಳಗ ಅಕ್ಕನ ಮಗಳನ್ನ ಮಾಡ್ಕೋತಾರಲ್ರಿ ಅತ್ತೀ," ಅಂದೆ.

"ಮಂದಿ ಮಾಡ್ಕೋತಾರ. ಅವರೇನ್ ಕುರಿ ತಿರುವಬೇಕಾಗೇತೇನು?"

"ನೀವೂ ಮಾವಾರಿಗೆ ಅಕ್ಕನ ಮಗಳ ಅಲ್ಲೇನ್ರಿ?"

ಅತ್ತೆ ಅಂಗಳದಲ್ಲಿ ಕುರಿಗಳ ಹಿಂದೆ ಓಡುತ್ತಿದ್ದ ನನ್ನ ಗಂಡನನ್ನು ಸ್ವಲ್ಪ ಹೊತ್ತು ನೋಡಿದರು.

"ಹೌದು. ಅದಕ್ಕ ಅವನ ಮಾತ ಒಂದ ಕುರಿನೂ ಕೇಳೂದಿಲ್ಲ."

೩. ಗಣೇಶಗುಡಿಯ ಕೆಂಚಿ

ದೂರದ ಸಂಬಂಧದ್ದು ಅಂದರೆ ಒಂದೇ. ಹಿಂದೊಮ್ಮೆ ಗಣೇಶಗುಡಿಯ ಒಂದು ಹೋಂಸ್ಟೇಗೆ ಮರಿಯಾಗಿ ಹೋದ ಕೆಂಚಿ. ಕೊಡುತ್ತಾರೋ ಇಲ್ಲವೋ ಅಂತ ಅಂಜುತ್ತಲೇ ಹೋದೆ. ಹೋಂಸ್ಟೇದವರು ಕೈಮುಗಿದರು.

"ಒಯ್ಯಿರಿ ಅಕ್ಕೋರ, ಪುಣ್ಯಾ ಬರ್ತೈತಿ. ಬಂದವರನ್ನ ಹೊಳಿಗೆ ಹೋಗಗೊಡೂದಿಲ್ಲ ಇದು."

ಅಂಗಳದ ಗೋಡೆಗೆ ಬೆನ್ನು ಹಚ್ಚಿ, ರಾಫ್ಟಿಂಗಿಗೆ ಬಂದ ಹನ್ನೆರಡು ಜನ ನಿಂತಿದ್ದರು. ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್, ಕೈಯಲ್ಲಿ ಹುಟ್ಟು. ಎದುರಿಗೆ ಕೆಂಚಿ ಅತ್ತಿಂದಿತ್ತ ನಡೆದಾಡುತ್ತಿದ್ದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಮೆಲ್ಲಗೆ ಮರದ ಕಡೆ ಜಾರಿತು. ಕೆಂಚಿ ಹೋಗಿ ಕರೆತಂದು ಸಾಲಿಗೆ ಸೇರಿಸಿದಳು. ಬೆಳಗ್ಗಿನಿಂದ ಅದು ಮೂರನೇ ಸಲವಂತೆ.

ಅತ್ತೆಗೆ ಫೋನ್ ಮಾಡಿದೆ.

"ಎಷ್ಟ ಮಂದಿ ಕೂಡಿಸ್ಯಾಳು?"

"ಹನ್ನೆರಡು."

"ಯಾರಿಗೂ ಕಚ್ಚಿಲ್ಲ?"

"ಇಲ್ಲರಿ."

"ಲಗೂನ ಕರ್ಕೊಂಡ ಬಾ. ಸೊಸಿ ಅಂದ್ರ ಹಿಂಗಿರಬೇಕು."

ಹದಿನೆಂಟು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು.

೪. ಚುಕ್ಕಿ

ಕೆಂಚಿ ಮನೆಗೆ ಬಂದಳು. ಕರಿಯ ಎದ್ದು ಬಂದು ಒಮ್ಮೆ ಮೂಸಿದ, ಹೋಗಿ ಮಲಗಿದ. ಹತ್ತು ದಿನ ಮಲಗಿಯೇ ಇದ್ದ. ನಡುವೆ ಒಂದು ದಿನ ಕೆಂಚಿ ಹಗ್ಗ ಕಡಿದುಕೊಂಡು ಹೋಗಿ, ಸಂಜೆಗೆ ತಾನೇ ಬಂದಳು. ಎರಡು ತಿಂಗಳಾದ ಮೇಲೆ ನಾಲ್ಕು ಕಪ್ಪು ಮರಿ. ನಾಲ್ಕರ ಮೈಮೇಲೂ ಬಿಳಿ ಚುಕ್ಕಿ. ಊರಲ್ಲಿ ಅಂಥ ಚುಕ್ಕಿ ಇರುವುದು ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಕೆಳಗೆ ಮಲಗುವ ನಾಯಿಗೆ ಮಾತ್ರ.

ಕೆಂಚಿಗೆ ಗಂಜಿ ಕಾಸು ಅಂದರು ಅತ್ತೆ. ಚುಕ್ಕಿಯ ಮಾತೆತ್ತದೆ ಕಾಸಿದೆ. ಮರಿಗಳಿಗೆ ಮೂರು ತಿಂಗಳಾದಾಗ, ನೋಡಲು ಬರುತ್ತೇನೆ ಅಂತ ಡಾಕ್ಟರು ಹೇಳಿ ಕಳಿಸಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಅತ್ತೆಯ ಹತ್ತಿರ ಕೂತೆ.

"ಅತ್ತೀ, ಇವು ಕರಿಯಾನ ಮಕ್ಕಳಲ್ಲ. ತಳಿ ಮುಗೀತು."

ಅತ್ತೆ ಗೋಡೆಯ ಮೇಲಿದ್ದ ಮಾವನವರ ಫೋಟೋ ನೋಡಿ ದನಿ ತಗ್ಗಿಸಿದರು. "ಮೂರನೇ ಕರಿಯಾನೂ ಹಿಂಗ ಹುಟ್ಟಿದ್ದ. ಬಸ್ ಸ್ಟ್ಯಾಂಡಿಂದನ. ಮೈತುಂಬ ಚುಕ್ಕಿ. ನಿಮ್ಮ ಮಾವಾರಿಗೆ ಗೊತ್ತಾಗಿದ್ರ ಊಟಾ ಬಿಡ್ತಿದ್ರು. ಹಂಚಿನ ಮಸಿ ಎಣ್ಣ್ಯಾಗ ಕಲಸಿ ಹಚ್ಚಿದ್ನಿ."

"ಎಷ್ಟ ದಿನಾ?"

"ಅದು ಸಾಯೂತನಕ. ಅಮಾಸಿಗೊಮ್ಮೆ."

ನಾನು ಬರೆದ ಇತಿಹಾಸದಲ್ಲಿ ಆ ಪುಟದ ಶೀರ್ಷಿಕೆ 'ಸುವರ್ಣ ಯುಗ' ಎಂದಿತ್ತು.

ಅಷ್ಟರಲ್ಲಿ ಹೊರಗೆ ಡಾಕ್ಟರ ದನಿ ಕೇಳಿತು. ಹೋಗಿ ನೋಡಿದರೆ ನಾಲ್ಕೂ ಮರಿ ಸುತ್ತು ಹಾಕಿ ಹಾಕಿ ಅವರನ್ನು ಕೊಟ್ಟಿಗೆಯ ಮೂಲೆಗೆ ಒಯ್ದು ನಿಲ್ಲಿಸಿದ್ದವು. ಬೊಗಳಿರಲಿಲ್ಲ, ಕಚ್ಚಿರಲಿಲ್ಲ. ಡಾಕ್ಟರು ಗೋದಲಿಯೊಳಗೆ, ಹುಲ್ಲಿನ ಮೇಲೆ ನಿಂತಿದ್ದರು, ಫೈಲು ಎದೆಗೆ ಅಪ್ಪಿಕೊಂಡು.

"ಡಾಕ್ಟರ್ ಸಾಹೇಬ್ರ, ಒಂದ ಮಾತ ಹೇಳಬೇಕು. ಇವುಗಳ ಅಪ್ಪ ಬಸ್ ಸ್ಟ್ಯಾಂಡಿನ..."

"ಅಪ್ಪ ಯಾರರ ಇರಲಿ ಬಿಡ್ರಿ ಮೇಡಂ. ಇವುಗಳ ಕೆಲಸ ನಾನ ನೋಡಾಕತ್ತೇನಲ್ಲ." ನಿಂತಲ್ಲೇ ಫೈಲು ಬಿಚ್ಚಿ 'ತಳಿ ಮುಂದುವರಿದಿದೆ' ಅಂತ ಬರೆದರು. "ಬಣ್ಣ ಏನಂತ ಬರೀಲಿ? ಲಗೂ ಹೇಳ್ರಿ, ಒಂದು ಮ್ಯಾಲೆ ಹತ್ತಾಕತ್ತೈತಿ."

ನಾನು ಅತ್ತೆಯ ಮುಖ ನೋಡಿದೆ. ನನ್ನ ಹಿಂದೆಯೇ ಹೊರಗೆ ಬಂದಿದ್ದ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಮೊಣಕಾಲು ನೀವಿಕೊಂಡರು.

"ನನಗಂತೂ ಈಗ ಬಗ್ಗಾಕ ಆಗೂದಿಲ್ಲವ್ವಾ. ಅಮಾಸಿಗೊಮ್ಮೆ ನೀ ಹಚ್ಚತೀ ಅಂದ್ರ, ಕರೇದು ಅಂತ ಬರಸು."

ನಾಲ್ಕು ನಾಯಿ, ಅಮಾವಾಸ್ಯೆಗೊಮ್ಮೆ, ಸಾಯುವತನಕ. ಒಂದು ಕ್ಷಣವೂ ಯೋಚಿಸದೆ ಚುಕ್ಕಿ ಅಂತ ಬರೆಸಿದೆ.