ಸ್ವಿಚ್ ತಾನಾಗಿಯೇ ಬಾಗಿಲು ಹಾಕಿಕೊಂಡ ಪ್ರಕರಣ

ಸಂಖ್ಯೆ: ಜಾಲ/ಕುಣಿಕೆ/17

ವಿಷಯ: ಕಂಪ್ಯೂಟರ್‌ಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ, ಸಂದೇಶಗಳು ಗಾಣದೆತ್ತಿನಂತೆ ಸುತ್ತದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯ ಐಚ್ಛಿಕ ಸೌಲಭ್ಯಗಳನ್ನು ಕಡ್ಡಾಯವಾಗಿ ಅಳವಡಿಸುವ ಕುರಿತು.

ಉಲ್ಲೇಖ: ಸ್ವಿಚ್ ತಂತ್ರಜ್ಞರ ಅಮಾನತು ಆದೇಶದ ಕರಡು.

ತಪಾಸಣೆಯ ದಿನ ಮೇಲಧಿಕಾರಿಗಳ ಕೊಠಡಿಯ ಐದೂ ಕಂಪ್ಯೂಟರ್‌ಗಳು ಏಕಕಾಲಕ್ಕೆ ನೆಟ್‌ವರ್ಕ್ ಕಳೆದುಕೊಂಡಿದ್ದು, ತಪಾಸಣಾ ತಂಡಕ್ಕೆ ಖಾಲಿ ಪರದೆ ತೋರಿಸಿ, ಚಹಾ ಕುಡಿಸಿ ಕಳುಹಿಸಬೇಕಾಯಿತು. ಸದರಿ ಲೋಪಕ್ಕಾಗಿ ಸ್ವಿಚ್ ತಂತ್ರಜ್ಞರನ್ನು ಅಮಾನತುಗೊಳಿಸಲು ಉದ್ದೇಶಿಸಲಾಗಿದ್ದು, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ತಂತಿ ಸಿಕ್ಕಿಸಿದೊಡನೆ ಕಾಯಿಸದೆ ಒಳಬಿಡುವ ‘ಪೋರ್ಟ್‌ಫಾಸ್ಟ್’ ಅಧಿಕಾರಿಗಳಿಗೆ ಮಾತ್ರ. ಗುಮಾಸ್ತರು ಎಂದಿನಂತೆ ಮೂವತ್ತು ಸೆಕೆಂಡ್ ಕಾಯತಕ್ಕದ್ದು. ಪ್ರಿಂಟರ್‌ಗಳು, ಸೇವಾ ಹಿರಿತನದ ಮೇರೆಗೆ.

2. ‘ರೂಟ್ ಗಾರ್ಡ್’: ನಿನ್ನೆ ಮೊನ್ನೆ ಬಂದ ಸ್ವಿಚ್ ತಾನೇ ಯಜಮಾನನೆಂದು ಘೋಷಿಸಿಕೊಂಡರೆ ಕಿವಿಗೊಡತಕ್ಕದ್ದಲ್ಲ. ಸದರಿ ಸ್ವಿಚ್ ಸೇವಾ ಪುಸ್ತಕದೊಂದಿಗೆ ಖುದ್ದು ಹಾಜರಾಗತಕ್ಕದ್ದು.

3. ‘ಬಿಪಿಡಿಯು ಗಾರ್ಡ್’: ಸ್ವಿಚ್ ಕಳಿಸಿದ ದನಿ ತಿರುಗಿ ಅದರ ಕಿವಿಗೇ ಬಿದ್ದರೆ ಆ ತಂತಿಯ ಬಾಗಿಲು ಮುಚ್ಚುವ ಈ ಕಾವಲುಗಾರ, ಇನ್ನು ಮುಂದೆ ಮುಚ್ಚುವ ಮೂರು ದಿನ ಮೊದಲೇ ಲಿಖಿತ ಅನುಮತಿ ಪಡೆಯತಕ್ಕದ್ದು.

4. ತಂತ್ರಜ್ಞರ ವಿವರಣೆ: “ಬಾಗಿಲು ಹಾಕಿದ್ದು ನಾನಲ್ಲ ಸಾರ್, ಸ್ವಿಚ್ಚೇ ಹಾಕ್ಕೊಂಡಿತು. ನಿಮ್ಮ ಟೇಬಲ್ ಕೆಳಗೆ ಐದೂ ಕಂಪ್ಯೂಟರ್ ಸೇರೋ ಡಬ್ಬಿಯಿಂದ ಗೋಡೆಗೆ ಯಾರೋ ಎರಡೆರಡು ತಂತಿ ಸಿಕ್ಸಿದಾರೆ. ಅದು ಹಾಕ್ಕೊಳ್ದೇ ಇದ್ದಿದ್ರೆ ನಿಮ್ಮ ರೂಮೇನು, ಇಡೀ ಆಫೀಸೇ ಮಲಗ್ತಿತ್ತು.” ಸದರಿ ವಿವರಣೆ ಉದ್ಧಟತನದ್ದಾಗಿರುತ್ತದೆ. ಸರಿಯೂ ಆಗಿರುವುದು ವಿಷಾದನೀಯ.

5. ಆದ್ದರಿಂದ ಎರಡನೇ ತಂತಿ ಸಿಕ್ಕಿಸಿದವರನ್ನು ಪತ್ತೆ ಹಚ್ಚಿ, ತಂತ್ರಜ್ಞರ ಬದಲಿಗೆ ಅವರನ್ನೇ ಅಮಾನತುಗೊಳಿಸಲು ತಕ್ಷಣ ಆದೇಶಿಸಲಾಯಿತು.

6. ಕಸ ಗುಡಿಸುವ ಅಕ್ಕನ ಹೇಳಿಕೆ: “ಸಾಹೇಬ್ರೇ ಕಣ್ರಪ್ಪ! ತಪಾಸಣೆಯವರು ಬರೋ ಹೊತ್ತಿಗೆ ತಂತಿ ನೇತಾಡ್ತಿದೆ ಅಂತ ಬಗ್ಗಿ ತೂತಿಗೆ ತೂರ್ಸಿದ್ರು. ‘ನೋಡು, ಈಗ ಲಕ್ಷಣವಾಗಿದೆ’ ಅಂತ ನನಗೇ ತೋರ್ಸಿದ್ರು.” ಇದನ್ನು ಸಭೆಯಲ್ಲಿ ಓದಲಾದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಲಧಿಕಾರಿಗಳೇ. ಸದರಿ ನಗುವನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸತಕ್ಕದ್ದಲ್ಲ.

7. ಹೊರಡಿಸಿದ ಆದೇಶವನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ತಂತಿ ತೂರಿಸಿದ ಬಲಗೈಯನ್ನು ಮಾತ್ರ ಏಳು ದಿನ ಅಮಾನತಿನಲ್ಲಿಡಲಾಗಿದೆ. ತಂತ್ರಜ್ಞರು ಎಂದಿನಂತೆ ಕೆಲಸದಲ್ಲಿ ಮುಂದುವರಿಯತಕ್ಕದ್ದು.

ಸಹಿ/-
(ಎಡಗೈಯಲ್ಲಿ)
ಮೇಲಧಿಕಾರಿಗಳು

ಪ್ರತಿಗಳು:
1. ತಂತ್ರಜ್ಞರಿಗೆ, ಬಾಗಿಲು ತೆರೆಯುವ ಕೋರಿಕೆಯೊಂದಿಗೆ.
2. ಅಕ್ಕನವರಿಗೆ, ಗುಡಿಸುವಾಗ ತಲೆ ಎತ್ತದಂತೆ ಸೂಚಿಸಿ.
3. ಸ್ವಿಚ್‌ಗೆ, ಮಾಹಿತಿಗಾಗಿ.
4. ಬಲಗೈಗೆ, ಎಡಗೈ ಮುಖಾಂತರ.